ಹೊತ್ತು ಮುಳುಗುವ ಮುಂಚೆ ಗೂಟ: ಬೆಂಗಳೂರಿನಿಂದ ಮಲೆನಾಡಿನ ಕಾಡಂಚಿಗೆ ಐದು ದಿನ

ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಆರು ವಾರ ಮಲೆನಾಡಿನಲ್ಲಿ ಟೆಂಟ್ ಹಾಕಲು ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ಇಂಬಳದ ಕಾಟ ಇಳಿದಿರುತ್ತದೆ, ಹಳ್ಳಗಳಲ್ಲಿ ಇನ್ನೂ ನೀರು ಹರಿಯುತ್ತಿರುತ್ತದೆ, ಕಾಳ್ಗಿಚ್ಚಿನ ತಿಂಗಳು ಶುರುವಾಗಿರುವುದಿಲ್ಲ. ತೊಡಕು ಹಗಲಿನದು. ಸಂಜೆ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಗುಡ್ಡದ ಮರೆಯ ಕಣಿವೆಯಲ್ಲಿ ಐದೂವರೆಗೇ ಬೆಳಕು ಹೋಗುತ್ತದೆ. ನೆಲ ಸಮ ಇದೆಯೇ, ಹತ್ತಿರದಲ್ಲಿ ಬಿಲ ಇದೆಯೇ, ತಲೆಯ ಮೇಲೆ ಒಣಕೊಂಬೆ ಇದೆಯೇ, ಆನೆ ದಾರಿ ಯಾವುದು ಎಂಬುದೆಲ್ಲ ಕಣ್ಣಿಗೆ ಕಾಣುವಾಗಲೇ ತೀರ್ಮಾನವಾಗಬೇಕು. ಅದಕ್ಕಾಗಿ ಕೆಳಗಿನ ಮೊದಲ ನಾಲ್ಕು ದಿನಗಳಲ್ಲಿ ಕಿಲೋಮೀಟರಿಗಿಂತ ಮಧ್ಯಾಹ್ನ ಮೂರೂವರೆಯ ಗಡಿ ಮುಖ್ಯ. ಆ ಹೊತ್ತಿಗೆ ತಂಗುವ ಜಾಗ ತಲುಪಿರಬೇಕು.

ದಾರಿ: ಬೆಂಗಳೂರು, ಸಕಲೇಶಪುರ, ಮೂಡಿಗೆರೆ, ಕಳಸ, ಕುದುರೆಮುಖ, ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ, ಸಾಗರ, ಮರಳಿ ಬೆಂಗಳೂರು. ಒಂದು ಕಾರು, ನಾಲ್ಕು ಜನ, ಎರಡು ಟೆಂಟ್ ಎಂಬ ಲೆಕ್ಕದಲ್ಲಿ ಬರೆದಿದೆ.

ಎಲ್ಲಕ್ಕೂ ಮೊದಲು ಒಂದು ಮಾತು. ಟೆಂಟ್ ಹಾಕುವುದು ಕಾಡಂಚಿನಲ್ಲಿ, ಕಾಡಿನೊಳಗಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದೂ ಅಪರಾಧವೇ. ಉಳಿಯುವುದು ಮೂರು ದಾರಿ: ಅರಣ್ಯ ಇಲಾಖೆಯ ಶಿಬಿರಗಳು, ಟೆಂಟಿಗೆ ಜಾಗ ಕೊಡುವ ಕಾಫಿ ಎಸ್ಟೇಟುಗಳು, ಹೋಂಸ್ಟೇ ಅಥವಾ ರೈತರ ಮನೆಯಂಗಳ. ಮೂರಕ್ಕೂ ಹೊರಡುವ ಮೊದಲೇ ಫೋನ್ ಮಾಡಿ ಮಾತಾಡಿಕೊಳ್ಳಿ. "ಹೋದಮೇಲೆ ನೋಡೋಣ" ಎಂದು ಹೊರಟವರೇ ಕತ್ತಲಲ್ಲಿ ರಸ್ತೆ ಬದಿಯಲ್ಲಿ ಗೂಟ ಹೊಡೆಯುವುದು.

ಹೊರಡುವ ಹಿಂದಿನ ದಿನ

ಟೆಂಟಿನ ಚೀಲದ ಮೇಲೆ ಮೂರು ಜನರಿಗೆ ಎಂದು ಬರೆದಿದ್ದರೆ ಅದು ಇಬ್ಬರಿಗೆ ಮತ್ತು ಅವರ ಚೀಲಗಳಿಗೆ. ಮನೆಯ ತಾರಸಿಯಲ್ಲಿ ಒಮ್ಮೆ ಪೂರ್ತಿ ಕಟ್ಟಿ ನೋಡಿ. ಕಡ್ಡಿ ಮುರಿದಿರುವುದು, ಜಿಪ್ಪು ಸಿಕ್ಕಿಕೊಳ್ಳುವುದು ಅಲ್ಲೇ ಗೊತ್ತಾಗಲಿ. ಜೊತೆಗೆ ಬರುವ ತೆಳು ಅಲ್ಯೂಮಿನಿಯಂ ಗೂಟಗಳು ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಎರಡನೆಯ ಪೆಟ್ಟಿಗೇ ಬಾಗುತ್ತವೆ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಏಳೆಂಟು ಇಂಚಿನ ದಪ್ಪ ಉಕ್ಕಿನ ಮೊಳೆ ಸಿಗುತ್ತದೆ. ಟೆಂಟಿಗೆ ಹತ್ತರಂತೆ ಅವನ್ನೂ, ಒಂದು ಸಣ್ಣ ಸುತ್ತಿಗೆಯನ್ನೂ, 4 ಮಿ.ಮೀ. ನೈಲಾನ್ ಹಗ್ಗ 20 ಮೀಟರನ್ನೂ ತನ್ನಿ. ನೆಲಕ್ಕೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ನಾಲ್ಕೂ ಕಡೆ ಎರಡೆರಡು ಇಂಚು ಚಿಕ್ಕದಿರಲಿ. ಅಂಚು ಹೊರಗೆ ಚಾಚಿದರೆ ಇಬ್ಬನಿಯಾಗಲಿ ಮಳೆಯಾಗಲಿ ಅದರ ಮೇಲೆ ಬಿದ್ದು ನೇರ ಹಾಸಿಗೆಯ ಅಡಿಗೆ ಹರಿಯುತ್ತದೆ.

ಚಳಿಗೆ ಇನ್ನೊಂದು ಕಂಬಳಿ ಎಂದು ಎಲ್ಲರೂ ಹೊರುತ್ತಾರೆ. ಚಳಿ ಹತ್ತುವುದು ಕೆಳಗಿನಿಂದ. 10 ಮಿ.ಮೀ. ದಪ್ಪದ ಫೋಮ್ ಚಾಪೆ ತಲೆಗೊಂದಿದ್ದರೆ ಒಂದು ಕಂಬಳಿ, ಒಂದು ಮಂಕಿಕ್ಯಾಪ್ ಸಾಕು.

ಕಾರಿನಲ್ಲಿ ಮೊದಲು ನೋಡಬೇಕಾದ್ದು ಸ್ಟೆಪ್ನಿಯ ಗಾಳಿ. ತಿಂಗಳುಗಟ್ಟಲೆ ಯಾರೂ ಮುಟ್ಟದ ಚಕ್ರ ಅದು, ಬೇಕಾದಾಗ ಚಪ್ಪಟೆಯಾಗಿರುತ್ತದೆ. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, 12 ವೋಲ್ಟಿನ ಗಾಳಿ ಪಂಪು, ಜಂಪರ್ ಕೇಬಲ್, ಎಳೆಯುವ ಪಟ್ಟಿ ಇವೆಲ್ಲ ಜೆ.ಸಿ. ರಸ್ತೆಯಲ್ಲಿ ಒಂದೇ ಸಾಲಿನಲ್ಲಿ ಸಿಗುತ್ತವೆ. ಕಾರಿನ ಮುಂದೆ ಸಿಕ್ಕಿಸುವ ಎಳೆಕೊಕ್ಕೆ ಜಾಕಿನ ಜೊತೆಯಲ್ಲೇ ಇರುತ್ತದೆ. ಬಂಪರಿನ ಸಣ್ಣ ಮುಚ್ಚಳ ತೆಗೆದು ಒಮ್ಮೆ ತಿರುಗಿಸಿ ನೋಡಿ. ಕೆಲವು ಕಾರುಗಳಲ್ಲಿ ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಕೆಸರಿನಲ್ಲಿ ಕುಳಿತು ಅದನ್ನು ಬಲಕ್ಕೆ ತಿರುಗಿಸಿ ಕೆಡಿಸುವುದಕ್ಕಿಂತ ಮನೆಯಲ್ಲಿ ತಿಳಿಯುವುದು ಒಳಿತು.

ಅಡುಗೆಗೆ 230 ಗ್ರಾಂ ಗ್ಯಾಸ್ ಡಬ್ಬಿ ಮೂರು. ಐದು ಲೀಟರ್ ಕುಕ್ಕರ್ ಇಟ್ಟುಕೊಂಡರೆ ನಾಲ್ಕು ಜನರ ರಾತ್ರಿಯೂಟ ಮತ್ತು ಬೆಳಗಿನ ಕಾಫಿ, ಉಪ್ಪಿಟ್ಟಿಗೆ ದಿನಕ್ಕೆ ಸುಮಾರು 100 ಗ್ರಾಂ ಹೋಗುತ್ತದೆ. ಬಾಣಲೆ, ತೆರೆದ ಪಾತ್ರೆಯಾದರೆ ಗಾಳಿಗೆ ಸಿಕ್ಕಿ ಅದರ ದುಪ್ಪಟ್ಟು. ಡಬ್ಬಿಗಳನ್ನು ಬಿಸಿಲು ಬೀಳುವ ಹಿಂದಿನ ಗಾಜಿನ ಕೆಳಗೆ ಇಡಬೇಡಿ. ಉಪ್ಪಿಟ್ಟಿನ ರವೆಯನ್ನು ಒಗ್ಗರಣೆ ಸಮೇತ ಮನೆಯಲ್ಲೇ ಹುರಿದು ಡಬ್ಬಕ್ಕೆ ತುಂಬಿ. ಅಲ್ಲಿ ಒಂದು ಲೋಟ ರವೆಗೆ ಎರಡೂವರೆ ಲೋಟ ಕುದಿನೀರು, ಐದು ನಿಮಿಷ. ರಾತ್ರಿಗೆ ಎರಡು ಲೋಟ ಅಕ್ಕಿ, ಒಂದು ಲೋಟ ಹೆಸರುಬೇಳೆ, ಏಳು ಲೋಟ ನೀರು, ಉಪ್ಪು, ಮೆಣಸು, ತುಪ್ಪ. ಹುಳಿಯವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಜೊತೆಗಿದ್ದರೆ ಒಲೆ ಹೊತ್ತದ ದಿನವೂ ಊಟಕ್ಕೆ ತೊಂದರೆಯಿಲ್ಲ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರ್ ನೀರು. ಅಂದರೆ 20 ಲೀಟರಿನ ಒಂದು ಕ್ಯಾನು, ದಿನವೂ ತುಂಬಿಸಿಕೊಳ್ಳುವುದು.

ಕಾರಿಗೆ ತುಂಬುವಾಗ ಭಾರದ್ದು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿ. ಟೆಂಟು, ತಲೆಗೆ ಕಟ್ಟುವ ಟಾರ್ಚು, ಸುತ್ತಿಗೆ ಎಲ್ಲಕ್ಕಿಂತ ಕೊನೆಗೆ ಒಳಗೆ ಹೋಗಲಿ. ಇಳಿಸುವಾಗ ಅವೇ ಮೊದಲು ಬೇಕಾಗುವುದು.

ಮೊದಲ ದಿನ: ಬೆಂಗಳೂರು–ಸಕಲೇಶಪುರ

ಬೆಳಗಿನ ಜಾವ ನಾಲ್ಕೂವರೆಗೆ ಹೊರಟರೆ ಗೊರಗುಂಟೆಪಾಳ್ಯ, ಪೀಣ್ಯ, ನೆಲಮಂಗಲ ಖಾಲಿಯಾಗಿ ಸಿಗುತ್ತವೆ. ಆರು ಗಂಟೆಗೆ ಹೊರಟವರು ಆ ಸಮಯವನ್ನು ಮತ್ತೆ ಗಳಿಸುವುದಿಲ್ಲ. ಬನಶಂಕರಿ, ಜಯನಗರದ ಕಡೆಯವರಿಗೆ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆ ಸೇರುವುದು ಸುಲಭ. ನೆಲಮಂಗಲದಿಂದ ಮಂಗಳೂರು ಹೆದ್ದಾರಿ, ರಾಷ್ಟ್ರೀಯ ಹೆದ್ದಾರಿ 75. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ ದಾಟಿ ಎಂಟೂವರೆಗೆಲ್ಲ ಹಾಸನ. ಟ್ಯಾಂಕು ಹಾಸನದಲ್ಲೇ ತುಂಬಿಸಿ, ಮೂರು ಸಾವಿರ ರೂಪಾಯಿಯಷ್ಟು ಚಿಲ್ಲರೆ ನೋಟು ಅಲ್ಲೇ ತೆಗೆದುಕೊಳ್ಳಿ. ಮುಂದೆ ನೆಟ್‌ವರ್ಕ್ ಇಲ್ಲದ ಕಡೆ ಫೋನಿನಿಂದ ಹಣ ಕೊಡಲಾಗುವುದಿಲ್ಲ. ಆಫ್‌ಲೈನ್ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು.

ಸಕಲೇಶಪುರದ ಸುತ್ತಲಿನ ಎಸ್ಟೇಟಿಗೆ ಮಧ್ಯಾಹ್ನದೊಳಗೆ ತಲುಪಬಹುದು. ಈ ತಿಂಗಳು ಕಾಫಿ ಕೊಯ್ಲಿನದು. ಕಣದಲ್ಲಿ ಹಣ್ಣು ಹರಡಿರುತ್ತಾರೆ, ಟ್ರ್ಯಾಕ್ಟರ್ ಓಡಾಡುತ್ತಿರುತ್ತದೆ. ಕಣದ ಮೇಲೆ, ಟ್ರ್ಯಾಕ್ಟರ್ ದಾರಿಯಲ್ಲಿ ಟೆಂಟ್ ಬೇಡ.

ಇಲ್ಲಿನ ದೊಡ್ಡ ವಿಚಾರ ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಆನೆಗಳು ವರ್ಷವಿಡೀ ತೋಟಗಳಲ್ಲೇ ಓಡಾಡುತ್ತವೆ. ಹಗಲು ಕಾಫಿ ಗಿಡದ ಮರೆ, ರಾತ್ರಿ ಗದ್ದೆ. ತಲುಪಿದ ಕೂಡಲೇ ತೋಟದ ಲೆಕ್ಕ ನೋಡುವ ರೈಟರ ಹತ್ತಿರವೋ ತೋಟದ ಕೆಲಸದವರ ಹತ್ತಿರವೋ ಕೇಳಿ: "ಗುಂಪು ಈಗ ಯಾವ ಕಡೆ ಇದೆ, ನೆನ್ನೆ ಎಲ್ಲಿ ದಾಟಿದವು?" ಅವರಿಗೆ ಗೊತ್ತಿರುತ್ತದೆ. ನಂತರ ನೀವೇ ಒಂದು ಸುತ್ತು ನಡೆದು ನೋಡಿ. ಹಸಿ ಲದ್ದಿ, ಸೀಳಿದ ಬೈನೆ ಮರ, ಎದೆಯೆತ್ತರದಲ್ಲಿ ಕೆಸರು ತಿಕ್ಕಿದ ಮರದ ಕಾಂಡ, ಬಾಗಿದ ಬೇಲಿಗಂಬ ಕಂಡರೆ ಅದು ಅವುಗಳ ದಾರಿ. ಅಲ್ಲಿ ಬೇಡವೇ ಬೇಡ. ಮನೆ, ಗೋದಾಮು, ದೀಪ ಇರುವ ಕಡೆಗೆ ಐವತ್ತು ಮೀಟರಿನೊಳಗೆ ಟೆಂಟ್ ಹಾಕಿ. ಬಾಳೆಹಣ್ಣು, ಬೆಲ್ಲ, ಉಪ್ಪು, ಅಕ್ಕಿ ಯಾವುದೂ ಟೆಂಟಿನಲ್ಲಿರಬಾರದು. ಆನೆಗೆ ವಾಸನೆ ದೂರದಿಂದಲೇ ಸಿಗುತ್ತದೆ. ಬಟ್ಟೆಯ ಗೋಡೆ ಅದಕ್ಕೆ ಲೆಕ್ಕಕ್ಕಿಲ್ಲ. ಎಲ್ಲವೂ ಮುಚ್ಚಳದ ಡಬ್ಬದಲ್ಲಿ, ಆ ಮನೆ ಅಥವಾ ಗೋದಾಮಿನೊಳಗೆ.

ಕಾರಿನ ಮೂತಿ ಹೊರದಾರಿಯ ಕಡೆ ಇರಲಿ, ಬೀಗದಕೈ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ. ರಾತ್ರಿ ಕೊಂಬೆ ಮುರಿಯುವ ಸದ್ದು ಬಂದರೆ ಮುಖಕ್ಕೆ ಟಾರ್ಚು ಹಾಯಿಸುವುದು, ಕೂಗುವುದು, ಫೋಟೋ ತೆಗೆಯುವುದು ಯಾವುದೂ ಇಲ್ಲದೆ ಸದ್ದು ಬಂದ ದಿಕ್ಕಿಗೆ ಬೆನ್ನು ಮಾಡಿ ಗಟ್ಟಿ ಕಟ್ಟಡದೊಳಗೆ ಹೋಗಿ. ಆನೆ ಕಾರಿಗೂ ನಿಮಗೂ ನಡುವೆ ಇದ್ದರೆ ಕಾರಿನ ಆಸೆ ಬಿಡಿ.

ಕತ್ತಲಾದ ಮೇಲೆ ಗದ್ದೆಯಂಚಿನಲ್ಲಿ ಸುತ್ತಾಡಬಾರದೆಂಬುದಕ್ಕೆ ಇನ್ನೊಂದು ಕಾರಣವಿದೆ. ಹಂದಿ ಕಾಟಕ್ಕೆಂದು ಕೆಲವೆಡೆ ಕಳ್ಳತನದಿಂದ ಕರೆಂಟು ಹಾಯಿಸಿದ ತಂತಿ, ಉರುಳು ಕಟ್ಟಿರುತ್ತಾರೆ. ಮೊಣಕಾಲೆತ್ತರದ ಆ ತಂತಿ ಟಾರ್ಚಿನ ಬೆಳಕಿಗೂ ಕಾಣುವುದಿಲ್ಲ.

ಎರಡನೆಯ ದಿನ: ಮೂಡಿಗೆರೆ, ಕೊಟ್ಟಿಗೆಹಾರ, ಕಳಸ

ಬೆಳಗ್ಗೆ ಟೆಂಟಿನ ಒಳಗೋಡೆ ಒದ್ದೆಯಾಗಿರುತ್ತದೆ. ಟೆಂಟ್ ಸೋರುತ್ತಿದೆ ಎಂದು ಹೊಸಬರು ಅಂಗಡಿಯವರನ್ನು ದೂರುತ್ತಾರೆ. ಅದು ನಾವೇ ಬಿಟ್ಟ ಉಸಿರು, ತಣ್ಣನೆಯ ಬಟ್ಟೆಗೆ ತಾಗಿ ನೀರಾದದ್ದು. ಎಷ್ಟೇ ಚಳಿಯಿದ್ದರೂ ಮೇಲಿನ ಕಿಂಡಿ ಮುಚ್ಚಬೇಡಿ, ಹೊರಹೊದಿಕೆಯ ಹಗ್ಗ ಬಿಗಿದು ಅದು ಒಳಬಟ್ಟೆಗೆ ತಾಗದಂತೆ ಎಳೆದಿಡಿ. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಟೆಂಟಿನೊಳಗೆ ಇಡುವುದು, ಒಳಗೇ ಒಲೆ ಹಚ್ಚುವುದು ಜೀವಕ್ಕೆ ಅಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ.

ಇಂದಿನ ದೂರ ನೂರು ಕಿಲೋಮೀಟರಿನ ಆಸುಪಾಸು, ಆದರೆ ತಿರುವುಗಳದೇ ರಸ್ತೆ. ಗಂಟೆಗೆ 30 ಕಿ.ಮೀ. ಲೆಕ್ಕ ಹಿಡಿಯಿರಿ. ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಘಾಟಿ ಇಳಿಯದೆ ಬಲಕ್ಕೆ ಕಳಸದ ದಾರಿ ಹಿಡಿಯುವುದು. ಇಳಿಜಾರಿನಲ್ಲಿ ಎರಡನೆಯ ಗೇರು. ಬರೀ ಬ್ರೇಕಿನ ಮೇಲೆ ಇಳಿದರೆ ತುಂಬಿದ ಕಾರಿನಲ್ಲಿ ಹತ್ತೇ ನಿಮಿಷಕ್ಕೆ ಸುಟ್ಟ ವಾಸನೆ ಬರುತ್ತದೆ. ಬಂದರೆ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಸೊಟ್ಟಗಾಗುತ್ತದೆ. ಹತ್ತುವ ವಾಹನಕ್ಕೆ ದಾರಿ ಬಿಡುವುದು ಘಾಟಿಯ ನಿಯಮ. ಮಂಜು ಕವಿದರೆ ದೀಪ ತಗ್ಗಿಸಿ. ಮೇಲ್ದೀಪ ಹಾಕಿದರೆ ಬಿಳಿ ಗೋಡೆಯೇ ಕಾಣುವುದು.

ರಾತ್ರಿ ತಂಗಲು ಕಳಸ, ಸಂಸೆಯ ಹೋಂಸ್ಟೇ ಅಂಗಳಗಳು. ಕೊಯ್ಲಾದ ಗದ್ದೆ ಸಮತಟ್ಟಾಗಿ ಆಸೆ ಹುಟ್ಟಿಸುತ್ತದೆ, ಆದರೆ ತಣ್ಣನೆಯ ಗಾಳಿ ಇಳಿದು ನಿಲ್ಲುವುದು ಅಲ್ಲೇ, ಇಬ್ಬನಿಯೂ ಅಲ್ಲೇ ಹೆಚ್ಚು, ಬದುವಿನ ಏಡಿಬಿಲಗಳಲ್ಲಿ ಹಾವಿರುತ್ತದೆ. ಗದ್ದೆಗಿಂತ ಎರಡು ಆಳೆತ್ತರ ಮೇಲಿನ ಅಂಗಳ ಎಷ್ಟೋ ಬೆಚ್ಚಗೆ.

ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರ ಹತ್ತುವ ಮನಸ್ಸಿದ್ದರೆ ಇಲ್ಲಿ ಇನ್ನೊಂದು ದಿನ ಸೇರಿಸಿಕೊಳ್ಳಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಜನಸಾಗರ ನುಗ್ಗಿದ ಮೇಲೆ ಚಾರಣದ ನಿಯಮಗಳು ಬಿಗಿಯಾದವು. ಈಗ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಬೇಕು, ಗುರುತಿನ ಚೀಟಿ ಜೊತೆಗಿರಬೇಕು. ಮೇಲೆ ಟೆಂಟ್ ಹಾಕುವಂತಿಲ್ಲ, ಬೆಳಕಿದ್ದಾಗಲೇ ಇಳಿದುಬರಬೇಕು. ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ. ಮಂಗಳವಾರ, ಬುಧವಾರಕ್ಕೆ ಹೊಂದಿಸಿಕೊಂಡರೆ ಒಳ್ಳೆಯದು.

ಮೂರನೆಯ ದಿನ: ಕುದುರೆಮುಖ ದಾಟಿ ಆಗುಂಬೆ, ತೀರ್ಥಹಳ್ಳಿ

ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತದ್ದು 2005ರ ಕೊನೆಗೆ. ರಸ್ತೆ ಉದ್ಯಾನದ ನಡುವೆಯೇ ಹಾದುಹೋಗುತ್ತದೆ. ಚೆಕ್‌ಪೋಸ್ಟಿನಲ್ಲಿ ವಾಹನದ ಸಂಖ್ಯೆ, ಹೊತ್ತು ಬರೆದು ಚೀಟಿ ಕೊಡುತ್ತಾರೆ, ಆಚೆ ತುದಿಯಲ್ಲಿ ಅದನ್ನು ನೋಡುತ್ತಾರೆ. ನಡುವೆ ನಿಲ್ಲಿಸಿ ಒಲೆ ಹಚ್ಚುವುದು, ಹೊಳೆಗಿಳಿಯುವುದು ಇಲ್ಲ. ತಿಂಡಿ ಮುಗಿಸಿಯೇ ಗೇಟು ದಾಟಿ. ಎಸ್.ಕೆ. ಬಾರ್ಡರ್ ಎಂಬ ಕವಲಿನಲ್ಲಿ ಎಡಕ್ಕೆ ಹೋದರೆ ಕಾರ್ಕಳ. ಬಲಕ್ಕೆ ಕೆರೆಕಟ್ಟೆಯ ದಾರಿ, ಶೃಂಗೇರಿಗೆ. ಈ ಭಾಗದಲ್ಲಿ ಫೋನು ಸತ್ತಂತೆಯೇ. ಪಂಕ್ಚರಾದರೆ ನೀವೇ ಸರಿಮಾಡಬೇಕು: ಮೊಳೆ ಕೀಳಿ, ಉಜ್ಜುಗೋಲನ್ನು ಆ ತೂತಿನಲ್ಲಿ ಹತ್ತು ಸಲ ಹಿಂದೆಮುಂದೆ ಆಡಿಸಿ, ಅಂಟುಬತ್ತಿಯನ್ನು ಸೂಜಿಗೆ ನಡುಮಧ್ಯ ಪೋಣಿಸಿ ಮುಕ್ಕಾಲು ಭಾಗ ಒಳಗೆ ತುರುಕಿ, ಸೂಜಿಯನ್ನು ಝಟ್ಟನೆ ಎಳೆದುಕೊಂಡು ಉಳಿದ ತುದಿ ಕತ್ತರಿಸಿ, ಗಾಳಿ ತುಂಬಿ ಉಗುಳು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಟೈರಿನ ಪಕ್ಕೆ ಹರಿದಿದ್ದರೆ ಬತ್ತಿ ಹಿಡಿಯುವುದಿಲ್ಲ, ಸ್ಟೆಪ್ನಿಯೇ ಗತಿ.

ಆಗುಂಬೆ ಕಾಳಿಂಗ ಸರ್ಪದ ನಾಡು. ಆದರೆ ಟೆಂಟಿನವರು ಹೆದರಬೇಕಾದ್ದು ಕಾಳಿಂಗಕ್ಕಿಂತ ಕಟ್ಟುಹಾವಿಗೆ. ಅದು ರಾತ್ರಿ ಓಡಾಡುತ್ತದೆ, ನೆಲದಲ್ಲಿ ಮಲಗಿದವರ ಮಗ್ಗುಲಿಗೆ ಬರುತ್ತದೆ, ಕಡಿದದ್ದು ನೋಯುವುದೂ ಕಡಿಮೆ. ಜಿಪ್ಪು ಹಗಲೂ ಮುಚ್ಚಿರಲಿ, ಶೂ ಟೆಂಟಿನೊಳಗೆ ಇರಲಿ, ರಾತ್ರಿ ಎದ್ದರೆ ಟಾರ್ಚಿಲ್ಲದೆ ಕಾಲು ಹೊರಗಿಡಬೇಡಿ. ಕಡಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಕೈಕಾಲು ಅಲುಗದಂತೆ ಕೋಲು ಕಟ್ಟಿ, ಉಂಗುರ, ವಾಚು ತೆಗೆದು, ಮಲಗಿಸಿಕೊಂಡೇ ಕರೆದೊಯ್ಯಿರಿ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್, ಘಾಟಿ ಇಳಿದರೆ ಮಣಿಪಾಲ. ಮೂರರ ದಾರಿಯನ್ನೂ ನಕ್ಷೆಯಲ್ಲಿ ಗುರುತಿಟ್ಟುಕೊಳ್ಳಿ. ಆಂಬುಲೆನ್ಸಿಗೆ 108.

ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಕಟ್ಟೆ ಪ್ರಸಿದ್ಧ. ಅದನ್ನು ನೋಡಲು ನಿಂತರೆ ಕತ್ತಲಲ್ಲಿ ಟೆಂಟ್ ಕಟ್ಟಬೇಕಾಗುತ್ತದೆ. ಮೊದಲು ಟೆಂಟ್ ಕಟ್ಟಿ ಬರುವಷ್ಟು ಹತ್ತಿರ ಜಾಗ ಸಿಕ್ಕಿದ್ದರೆ ನೋಡಿ, ಇಲ್ಲವಾದರೆ ಬಿಡಿ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಮರದ ಕೆಳಗೆ ಮಲಗಬೇಡಿ, ಒಣಗಿದ ಸೋಗೆ ಹಾಳೆ ಸಮೇತ ಕಳಚಿ ಬೀಳುತ್ತದೆ.

ನಾಲ್ಕನೆಯ ದಿನ: ಹೊಸನಗರ, ಸಾಗರ, ಶರಾವತಿ ಹಿನ್ನೀರು

ತೀರ್ಥಹಳ್ಳಿಯಿಂದ ಸಾಗರದವರೆಗಿನ ಸೀಮೆಯಲ್ಲಿ ಈ ಕಾಲದಲ್ಲಿ ಟೆಂಟ್ ಹಾಕುವವರು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳು, ಅದರ ವಿಷಯ ತಿಳಿದೇ ಬರಬೇಕು. ಅದರಿಂದ ಬರುವ ಜ್ವರ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರು. ಹರಡುವುದು ಉಣುಗು, ಅದರಲ್ಲೂ ಎಳ್ಳುಕಾಳಿನಷ್ಟು ಸಣ್ಣ ಮರಿ ಉಣುಗು. ಅದು ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ. ಟೆಂಟಿಗೆ ಒಳ್ಳೆಯ ಕಾಲವೂ ಉಣುಗಿನ ಕಾಲವೂ ಹೀಗೆ ಒಂದರ ಮೇಲೊಂದು ಬೀಳುತ್ತವೆ.

ಉಣುಗು ಇರುವುದು ದರಗಿನಲ್ಲಿ (ಉದುರಿದ ಒಣ ಎಲೆಯಲ್ಲಿ), ಕುರುಚಲಿನಲ್ಲಿ, ದನ ತಿರುಗುವ ಜಾಡಿನಲ್ಲಿ. ಮೆತ್ತಗಿದೆಯೆಂದು ದರಗಿನ ಮೇಲೆ ಟೆಂಟ್ ಹಾಸಬೇಡಿ; ಗುಡಿಸಿದ ಅಂಗಳ, ಬೋಳು ನೆಲ ಹುಡುಕಿ. ಕಾಡಿನ ಕಡೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ತಿಳಿಬಣ್ಣದ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ. ಸಂಜೆ ಒಬ್ಬರನ್ನೊಬ್ಬರು ನೋಡಿಕೊಳ್ಳಿ: ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ, ಮೊಣಕಾಲಿನ ಹಿಂದೆ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಉಗುರಿನಲ್ಲಿ ಹೊಸಕುವುದು ಯಾವುದೂ ಬೇಡ. ಸತ್ತ ಮಂಗ ಕಂಡರೆ ಅದರ ಮೈಮೇಲಿದ್ದ ಉಣುಗುಗಳು ಸುತ್ತ ಇಳಿದಿರುತ್ತವೆ. ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಕಚೇರಿಗೋ ತಿಳಿಸಿ, ತಂಗುವ ಜಾಗವನ್ನು ಬದಲಿಸಿ.

ಹೊಸನಗರದ ದಾರಿಯಾಗಿ ಸಾಗರ ಸೇರಿ, ಅಲ್ಲಿಂದ ಹೊನ್ನೆಮರಡು ಅಥವಾ ಹಿನ್ನೀರಿನ ಇನ್ನೊಂದು ದಡ. ಸಿಗಂದೂರಿನ ಕಡೆಗೆ ಹೋಗುವವರಿಗೆ ಮೊದಲಿನಂತೆ ಲಾಂಚಿಗೆ ಕಾಯುವ ಕೆಲಸವಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು.

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರು ಮಳೆಗಾಲ ಮುಗಿದ ಮೇಲೆ ದಿನದಿನಕ್ಕೆ ಇಳಿಯುತ್ತದೆ, ಬಿಟ್ಟ ಜಾಗದಲ್ಲಿ ಚಪ್ಪಟೆ ನೆಲ ತೆರೆದುಕೊಳ್ಳುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಅಡಿಯಲ್ಲಿ ಹಸಿ ಜೇಡಿ. ಇಲ್ಲಿ ಕಾರು ಹೂತುಹೋಗುವುದು ಬಹಳ ಸಾಮಾನ್ಯ. ಇಳಿದು, ಹಿಮ್ಮಡಿ ಊರಿ ನಡೆದು ನೋಡಿ. ಹಿಮ್ಮಡಿ ಒಂದು ಇಂಚು ಇಳಿದರೆ ಕಾರು ಅಲ್ಲಿಗೆ ಬೇಡ. ಹುಲ್ಲು ಬೇರೂರಿರುವ ಗೆರೆಯ ಮೇಲೆಯೇ ನಿಲ್ಲಿಸಿ, ಅಲ್ಲಿಂದ ಸಾಮಾನು ಹೊರಿ. ಹೂತರೆ ಆಕ್ಸಲರೇಟರ್ ಒತ್ತುತ್ತ ಹೋಗಬೇಡಿ, ಪ್ರತಿ ಸುತ್ತಿಗೂ ಚಕ್ರ ಇನ್ನಷ್ಟು ತೋಡುತ್ತದೆ. ಜನ ಇಳಿಯಲಿ, ಸಾಮಾನು ಇಳಿಯಲಿ. ಎಳೆಯುವ ಚಕ್ರಗಳ ಗಾಳಿ 18–20 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದಿನ ಕೆಸರು ತೋಡಿ ಇಳಿಜಾರು ಮಾಡಿ, ಗೋಣಿಚೀಲವೋ ಕಾರಿನ ಕಾಲ್ಚಾಪೆಯೋ ತೂರಿಸಿ, ಎರಡನೆಯ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡಿ. ಆಗದಿದ್ದರೆ ಊರಿನ ಟ್ರ್ಯಾಕ್ಟರ್. ಪಟ್ಟಿ ಎಳೆಕೊಕ್ಕೆಗೇ ಕಟ್ಟಬೇಕು. ಎಳೆಯುವಾಗ ಪಟ್ಟಿಯ ಉದ್ದಕ್ಕಿಂತ ಹತ್ತಿರ ಯಾರೂ ನಿಲ್ಲಬಾರದು, ತುಂಡಾದರೆ ಅದು ಚಾಟಿಯಂತೆ ಬೀಸುತ್ತದೆ. ಗಟ್ಟಿ ನೆಲ ಸಿಕ್ಕ ಕೂಡಲೇ ಗಾಳಿ ಮತ್ತೆ ತುಂಬಿ.

ಹಿನ್ನೀರಿನಲ್ಲಿ ಈಜುವ ಆಸೆ ಬೇಡ. ನೀರಿನಡಿಯಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ನಿಂತೇ ಇವೆ. ದೋಣಿ, ತೆಪ್ಪ ಹತ್ತುವಾಗ ಲೈಫ್ ಜಾಕೆಟಿನ ಎಲ್ಲ ಕೊಂಡಿಗಳೂ ಬಿಗಿಯಾಗಿರಲಿ. ಬೆಂಕಿ ಹಾಕಲು ಜಾಗದವರು ಒಪ್ಪಿದರೆ ಮೊದಲೇ ಇರುವ ಗುಂಡಿಯಲ್ಲಿ ಮಾತ್ರ. ಮಲಗುವ ಮುನ್ನ ನೀರು ಸುರಿದು ಕೆದಕಿ, ಬೂದಿಯ ಮೇಲೆ ಅಂಗೈಯ ಹಿಂಬದಿ ಹಿಡಿದು ತಣ್ಣಗಾಗಿದೆಯೇ ನೋಡಿ. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ, ಗೇಣುದ್ದ ಆಳದ ಗುಂಡಿ. ಕಸ, ಉಳಿದ ಅನ್ನ ಹೂಳಬೇಡಿ, ಹಂದಿಗಳು ರಾತ್ರಿಯೇ ತೋಡುತ್ತವೆ. ಮುಚ್ಚಳದ ಬಕೆಟ್ಟಿನಲ್ಲಿ ತುಂಬಿ ಬೆಂಗಳೂರಿಗೇ ತನ್ನಿ.

ಐದನೆಯ ದಿನ: ಸಾಗರ–ಬೆಂಗಳೂರು

ಶಿವಮೊಗ್ಗ, ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ನೇರ ದಾರಿ, ಹೇಳುವಂಥದ್ದು ಹೆಚ್ಚಿಲ್ಲ. ಏಳಕ್ಕೆ ಹೊರಟರೆ ಸಂಜೆ ನಾಲ್ಕರೊಳಗೆ ನೆಲಮಂಗಲ. ಭಾನುವಾರ ಸಂಜೆಯಾದರೆ ಅಲ್ಲಿಂದ ಮನೆಗೆ ಎರಡು ಗಂಟೆ ಬೇರೆ. ನಾಲ್ಕು ರಾತ್ರಿ ಟೆಂಟಿನಲ್ಲಿ ಮಲಗಿದವರಿಗೆ ನಿದ್ದೆ ಬಾಕಿಯಿರುತ್ತದೆ, ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಲಿ.

ಮನೆ ಸೇರಿದ ರಾತ್ರಿಯೇ ಟೆಂಟನ್ನು ಚೀಲದಿಂದ ಬಿಡಿಸಿ ತಂತಿಯ ಮೇಲೆ ಹರಡಿ. ಒದ್ದೆಯಲ್ಲಿ ಮೂರು ದಿನ ಮಡಚಿಟ್ಟರೆ ಬೂಷ್ಟು ಹಿಡಿದು ಬಟ್ಟೆಯ ಮೇಲಿನ ಲೇಪ ಸುಲಿಯುತ್ತದೆ, ಆ ವಾಸನೆ ಮತ್ತೆ ಹೋಗುವುದಿಲ್ಲ. ಉಟ್ಟ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಿ. ಮುಂದಿನ ಹತ್ತು ದಿನಗಳಲ್ಲಿ ಯಾರಿಗಾದರೂ ತಟ್ಟನೆ ಜೋರು ಜ್ವರ, ಹಣೆ ಸಿಡಿಯುವಂಥ ತಲೆನೋವು, ಮೈಕೈ ನೋವು ಬಂದರೆ ಮೆಡಿಕಲ್ ಸ್ಟೋರಿನ ಮಾತ್ರೆಯಲ್ಲಿ ದಿನ ದೂಡಬೇಡಿ, ಆಸ್ಪಿರಿನ್ ಅಂತೂ ಬೇಡವೇ ಬೇಡ. ಬೆಂಗಳೂರಿನ ವೈದ್ಯರು ಮೊದಲು ಡೆಂಗಿ ಎಂದೇ ಯೋಚಿಸುವುದು ಸಹಜ. ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ಟೆಂಟಿನಲ್ಲಿ ಮಲಗಿದ್ದೆವು, ಇಂಥ ದಿನ ಉಣುಗು ಕಚ್ಚಿತ್ತು ಎಂದು ಊರು, ತಾರೀಖು ಸಮೇತ ಹೇಳಿ, ಮಂಗನ ಕಾಯಿಲೆಯ ರಕ್ತಪರೀಕ್ಷೆ ಬೇಕೇ ಎಂದು ನೀವೇ ಕೇಳಿ.